ಕ್ರಯಪತ್ರದಲ್ಲಿ ಯಾರ ಹೆಸರು

ಮಾರ್ಚ್ ೧೧, ಬುಧವಾರ

ಪ್ರೀತಿಯ ಮರಿ,

ಹೇಗಿದ್ದೀಯ? ನಿನ್ನ ಕಾಗದ ಬಂದು ವಾರವಾಯಿತು, ತಡವಾಯಿತೆಂದು ಬೈಯಬೇಡ. ಬರೆಯಲು ಕೂತಾಗಲೆಲ್ಲ ತಲೆ ಗೊಂದಲದ ಗೂಡಾಗಿ ಎದ್ದುಬಿಡುತ್ತಿದ್ದೆ. ಫೋನ್ ಮಾಡೋಣವೆಂದರೆ ನೀನು ಸ್ಪೀಕರ್ ಹಾಕಿಕೊಂಡು ಪಾತ್ರೆ ತೊಳೆಯುವವಳು, ಮನೆಯವರಿಗೆಲ್ಲ ಕೇಳಿಸುತ್ತದೆ. ಅದಕ್ಕೇ ನಿನ್ನ ಆಫೀಸಿನ ವಿಳಾಸಕ್ಕೆ ಬರೆಯುತ್ತಿದ್ದೇನೆ.

ಬ್ಯಾಂಕಿನಲ್ಲಿ ನನ್ನ ಕೆಲಸ ಗೊತ್ತಲ್ಲ, ಮನೆ ಸಾಲಕ್ಕೆ ಬಂದವರಿಗೆ ದಿನವಿಡೀ ಅದೇ ಪಾಠ. ಸಾಲ ಮಂಜೂರಾಗುವುದು ಬೇರೆ, ದುಡ್ಡು ಬರುವುದು ಬೇರೆ. ಮೊದಲು ವಕೀಲರು ಪತ್ರ ನೋಡಬೇಕು, ಆಮೇಲೆ ಎಂಜಿನಿಯರ್ ಗೋಡೆ ನೋಡಬೇಕು. ಮೊನ್ನೆ ಒಬ್ಬ ದರ್ಜಿ, ಅವನ ಹೆಂಡತಿ ಬಂದಿದ್ದರು. ಅಡಮಾನವೆಂದರೇನೆಂದು ಗಂಟಲು ಹರಿಯುವಷ್ಟು ವಿವರಿಸಿದೆ. ಎಲ್ಲ ಕೇಳಿದ ಮೇಲೆ ಆಕೆ, "ಹಂಗಾದ್ರೆ ಮನೆ ಬ್ಯಾಂಕಿನವರದು, ಕಸ ಗುಡಿಸೋದು ಮಾತ್ರ ನಂದು ಅನ್ನಿ" ಎಂದಳು. ನಕ್ಕು ನಕ್ಕು ಸಾಕಾಯಿತು.

ನೀನು ಕೇಳಿದ್ದಕ್ಕೆ ಬರುತ್ತೇನೆ. "ಸಾಲದಲ್ಲಿ ನನ್ನ ಹೆಸರಿದೆ ಅಂದ್ಮೇಲೆ ಮನೆಯಲ್ಲೂ ಇದ್ದ ಹಾಗೇ ಅಲ್ವಾ ಅಮ್ಮ?" ಎಂದಿದ್ದೀಯ. ಅಲ್ಲ ಮರಿ. ಸಾಲಕ್ಕೆ ಸಹಿ ಹಾಕಿದವರು ಕಂತು ಕಟ್ಟಬೇಕು, ಅಷ್ಟೇ. ಮನೆ ಯಾರದೆಂದು ಹೇಳುವುದು ಕ್ರಯಪತ್ರ. ಅದರಲ್ಲಿ ಹೆಸರಿಲ್ಲದೆಯೂ ಇಪ್ಪತ್ತು ವರ್ಷ ಸಂಬಳ ಸುರಿಯಬಹುದು.

ತಿಂಗಳ ಕೊನೆಗೆ ನೀನೂ ಅಳಿಯಂದಿರೂ ಮನೆಯ ನೋಂದಣಿಗೆ ಸಹಿ ಹಾಕಲು ಹೋಗುವಾಗ ನಿಮ್ಮತ್ತೆಯೂ ಬರುತ್ತಾರೆಂದು ಬರೆದಿದ್ದೀಯ. ಯಾಕೆ? ಹರಸಲೋ, ಸಹಿ ಹಾಕಲೋ? ಬೆಳಿಗ್ಗೆ ಒಂದು ಥರ ಅನ್ನಿಸುತ್ತದೆ, ಸಂಜೆಗೆ ಛೇ, ನನ್ನದೇ ಹಾಳು ಬುದ್ಧಿ ಅನ್ನಿಸುತ್ತದೆ. ಅಳಿಯಂದಿರು ಒಳ್ಳೆಯವರು, ನಿನಗೆ ಜ್ವರ ಬಂದಾಗ ರಜ ಹಾಕಿ ಗಂಜಿ ಕುಡಿಸಿದವರು. ಅಂಥವರನ್ನು ಅನುಮಾನಿಸುವುದು ಹೇಗೆ? ಅನುಮಾನ ಬಂದ ಮೇಲೆ ಬಾಯಿ ಮುಚ್ಚಿ ಕೂರುವುದಾದರೂ ಹೇಗೆ? ನನಗೆ ಒಂದೂ ತಿಳಿಯುತ್ತಿಲ್ಲ. ಸಹಿಗೆ ಮೊದಲು ಕ್ರಯಪತ್ರದ ಕರಡು ತೋರಿಸಿ ಅನ್ನು. ನಿನಗೇ ಹೊಳೆದ ಹಾಗೆ ಕೇಳು, ನನ್ನ ಮಾತು ಎತ್ತಬೇಡ.

ಹೊತ್ತಿಗೆ ಸರಿಯಾಗಿ ಉಣ್ಣು. ನೂರು ಕಾಲ ಸುಖವಾಗಿ ಬಾಳು.

ನಿನ್ನ ಅಮ್ಮ

ತಾ.ಕ.: ಇದನ್ನು ಬರೆಯದೆ ಲಕೋಟೆ ಅಂಟಿಸಲು ಮನಸ್ಸು ಬರಲಿಲ್ಲ. ನಿನ್ನ ಕಾಗದಕ್ಕೆ ಮುಂಚೆಯೇ ಅಳಿಯಂದಿರು ನನಗೆ ಫೋನ್ ಮಾಡಿದ್ದರು. "ಅತ್ತೆ, ನನ್ನ ಸ್ನೇಹಿತಂಗೊಂದು ಡೌಟು. ಗಂಡ ಹೆಂಡ್ತಿ ಇಬ್ಬರ ಸಂಬಳ ತೋರಿಸಿ ಸಾಲ ತಗೊಂಡು, ಮನೆ ಮಾತ್ರ ತಾಯಿ ಹೆಸರಿಗೆ ಮಾಡಿಸಬಹುದಾ?" ಎಂದರು. ನನ್ನನ್ನೇ ಕೇಳಿದರಲ್ಲ ಎಂದು ಹಿಗ್ಗಿ ಹೋದೆ. "ಆಗುತ್ತಪ್ಪ, ತಾಯೀನೂ ಸಹಿಗೆ ಕರ್ಕೊಂಡು ಹೋದ್ರೆ ಆಯ್ತು" ಎಂದು ಬಿಡಿಸಿ ಬಿಡಿಸಿ ಹೇಳಿಕೊಟ್ಟೆ. ಹೆಂಡತಿಗೆ ಇದು ಗೊತ್ತಾ ಎಂದು ಕೇಳಲು ನನಗೆ ಹೊಳೆಯಲೇ ಇಲ್ಲ.