ಅಕ್ಕಯಮ್ಮನ ಕೆರೆಯ ಕೋಡಿಗೆ ಬೀಗ ಹಾಕಿದವರಿಗೆ

ಕೋಡಿಯ ಬೀಗದ ಕೈ ಇಟ್ಟುಕೊಂಡಿರುವ ನೆಲಜಲ ಸಂರಕ್ಷಣಾ ಯೋಜನೆಯ ಮಾನ್ಯ ಅಧಿಕಾರಿಗಳೇ,

ನನ್ನ ಮೈದುನ ನಲ್ಲಪ್ಪನಿಗೆ ತಾವು ಕಳಿಸಿದ ನೋಟೀಸು ಬಂದು ತಲುಪಿದೆ. ಅಕ್ಕಯಮ್ಮನ ಕೆರೆಯ ನೀರು ಕಾಯುವ ಹೊಸ ನೀರುಗಂಟಿಯಾದ ಅವನು, ಕಚೇರಿಯ ಲಿಖಿತ ಅಪ್ಪಣೆಯಿಲ್ಲದೆ ಕೋಡಿಯ ಗೇಟು ಮುಟ್ಟುವುದಿಲ್ಲವೆಂದು ಇದೇ ತಿಂಗಳ ಇಪ್ಪತ್ತೈದರೊಳಗೆ ಮುಚ್ಚಳಿಕೆ ಬರೆದುಕೊಡಬೇಕು ಎಂದು ಅದರಲ್ಲಿದೆ. ಇದೇ ಮುಚ್ಚಳಿಕೆಯನ್ನು ಐದು ವರ್ಷದ ಹಿಂದೆ ನನ್ನ ಗಂಡ ಮುನಿಗಂಗಪ್ಪ ಬರೆದುಕೊಟ್ಟಿದ್ದ. ಬರೆದುಕೊಟ್ಟ ಮಾತಿನಂತೆ ನಡೆದುಕೊಂಡ. ಅದರಿಂದಲೇ ಸತ್ತ. ನಲ್ಲಪ್ಪ ಅದಕ್ಕೆ ಸಹಿ ಹಾಕಬಾರದು ಎಂದು ಹೇಳುವುದಕ್ಕೆ ಈ ಪತ್ರ. ಕಚೇರಿಗೆ ಕೊಟ್ಟ ಅರ್ಜಿ ಏನಾಗುತ್ತದೆಂದು ನನಗೆ ಗೊತ್ತಿರುವುದರಿಂದ ಪತ್ರಿಕೆಗೆ ಕಳಿಸುತ್ತಿದ್ದೇನೆ.

ತಾವು ಆ ಕುರ್ಚಿಗೆ ಹೊಸಬರಂತೆ. ಮುಚ್ಚಳಿಕೆ ಬರೆಸಿಕೊಂಡವರು ವರ್ಗವಾಗಿ ಹೋದರು. ಅರ್ಜಿ ನೋಡದವರೂ ವರ್ಗವಾಗಿ ಹೋದರು. ವಿಚಾರಣೆ ಮಾಡಿದವರಿಗೆ ಬಡ್ತಿಯಾಯಿತೆಂದು ಕೇಳಿದೆ. ಹೀಗಿರುವಾಗ ಯಾರನ್ನೆಂದು ಕೇಳಲಿ? ಕುರ್ಚಿ ಮಾತ್ರ ಇದ್ದಲ್ಲೇ ಇದೆ. ಅದಕ್ಕೇ ಬರೆಯುತ್ತಿದ್ದೇನೆ ಎಂದುಕೊಳ್ಳಿ.

ನಮ್ಮ ಊರು ದಿಬ್ಬೂರಹಳ್ಳಿಯಿಂದ ಎರಡು ಮೈಲಿ ಒಳಗೆ. ಕೆರೆ ಏರಿಯ ಹಿಂದೆ, ಏರಿಗಿಂತ ಎರಡಾಳು ತಗ್ಗಿನಲ್ಲಿ, ನಮ್ಮ ಕಾಲೋನಿ. ಅಲ್ಲಿ ನಿವೇಶನ ಹಂಚಿದ್ದೂ ಸರ್ಕಾರವೇ. ಕೆರೆಗೆ ನೀರು ಹೆಚ್ಚಾದರೆ ಹೊರಗೆ ಹೋಗಲು ತೆಂಕಣ ತುದಿಯಲ್ಲಿ ಕೋಡಿ ಇದೆ. ಹಿಂದಿನವರು ಅಲ್ಲಿ ಹನ್ನೊಂದು ಕಲ್ಲು ಸಾಲಾಗಿ ನೆಟ್ಟಿದ್ದರು. ಮಳೆಗಾಲ ಕಳೆಯುವಾಗ ನೀರುಗಂಟಿ ಆ ಕಲ್ಲುಗಳ ಸಂದಿಗೆ ಗರಿಕೆ ಹುಲ್ಲಿನ ಹೆಂಟೆ ಇಟ್ಟು ಮಣ್ಣು ಮೆತ್ತುತ್ತಿದ್ದ, ಬೇಸಿಗೆಗೆ ಒಂದಷ್ಟು ನೀರು ಜಾಸ್ತಿ ನಿಲ್ಲಲಿ ಎಂದು. ಮತ್ತೆ ಮೋಡ ಕಟ್ಟಿದರೆ ಅವನೇ ಹೋಗಿ ಹೆಂಟೆ ಕೀಳುತ್ತಿದ್ದ. ಮೊದಲನೇ ಕಲ್ಲಿನ ಮೇಲೆ ಮೂರು ಗೆರೆ ಕೊರೆದಿದೆ. ನೀರು ಮೂರನೇ ಗೆರೆ ಮುಟ್ಟಿತೋ, ಯಾರನ್ನೂ ಕೇಳುವಂತಿಲ್ಲ, ಕೀಳಬೇಕು. ಗೌಡರು ಬೇಡವೆಂದರೂ ಕೀಳಬೇಕು. ಊರಲ್ಲಿ ನಮ್ಮವರ ಮಾತು ನಡೆಯುತ್ತಿದ್ದುದು ಅದೊಂದೇ ಕಡೆ.

ನಾನು ಏಳನೇ ತರಗತಿವರೆಗೆ ಓದಿದವಳು. ನನ್ನ ಗಂಡನಿಗೆ ಅಕ್ಷರ ಬರುತ್ತಿರಲಿಲ್ಲ. ಮದುವೆಯಾದ ವರ್ಷವೇ ಒಂದು ನೋಟ್‌ಬುಕ್ ತಂದುಕೊಟ್ಟು, "ಗೆರೆ ಬರ್ದಿಡು, ನಾನು ಹೇಳ್ತೀನಿ" ಅಂದ. ಕೆರೆ ನೋಡಿ ಬಂದ ದಿನವೆಲ್ಲ ಬರೆದಿದ್ದೇನೆ. "ಒಂದು ಗೆರೆ. ಗಾಳಿ ಮೂಡಣದಿಂದ." "ಎರಡು ಗೆರೆ. ಏರಿ ಮೇಲೆ ಏಡಿ ತೂತು ಎರಡು, ಮುಚ್ಚಿದೆ." ಆಮೇಲಾಮೇಲೆ ಅದರಲ್ಲಿ ನನ್ನ ವಿಷಯವನ್ನೂ ಬರೆಯತೊಡಗಿದೆ. ಈಗ ಹದಿನಾಲ್ಕು ಪುಸ್ತಕಗಳಾಗಿವೆ. ತಮ್ಮ ಕಡತಕ್ಕಿಂತ ಅವು ಹೆಚ್ಚು ಕಾಲ ಕೆರೆಯನ್ನು ನೋಡಿವೆ ಎಂದರೆ ಅಹಂಕಾರವೆಂದು ತಿಳಿಯಬೇಡಿ.

ಎಂಬತ್ತೇಳರಲ್ಲಿ ಯೋಜನೆ ಬಂತು. ಗೌರಿಬಿದನೂರಿನ ನಗರಗೆರೆ ಕಡೆಯೂ, ಸ್ಕಂದಗಿರಿಯ ತಪ್ಪಲಲ್ಲೂ ಇದೇ ಕೆಲಸ ನಡೆಯುತ್ತಿದೆ ಎಂದರು. ಕೆರೆಗಳಲ್ಲಿ ನೀರು ಸಂರಕ್ಷಣೆ ಮಾಡುವುದು, ಪ್ರವಾಹವನ್ನೂ ತಡೆಯುವುದು. ಎರಡೂ ಒಳ್ಳೆಯ ಕೆಲಸವೇ. ನೀರು ಉಳಿದರೆ ಯಾರಿಗೆ ಬೇಡ? ಹನ್ನೊಂದು ಕಲ್ಲುಗಳ ಸಂದಿಗೆ ಸಿಮೆಂಟು ತುಂಬಿದರು. ಮೇಲೆ ಒಂದೂವರೆ ಅಡಿ ಗೋಡೆ ಎತ್ತಿದರು. ನಡುವೆ ಎರಡು ಕಬ್ಬಿಣದ ಗೇಟು ಇಟ್ಟು ಬೀಗ ಹಾಕಿದರು. ಬೀಗದ ಕೈ ಚಿಕ್ಕಬಳ್ಳಾಪುರದ ಕಚೇರಿಗೆ ಹೋಯಿತು. ನನ್ನ ಗಂಡ ಮೇಸ್ತ್ರಿಯನ್ನು ಕೇಳಿದನಂತೆ: "ಸಾಮಿ, ನೀರು ಇಲ್ಲಿ ಬರ್ತದೆ, ಬೀಗದ ಕೈ ಅಲ್ಲಿರ್ತದೆ. ಹೆಂಗೆ?" ಅದಕ್ಕೆ ಮೇಸ್ತ್ರಿ, "ನೀರು ಬರೋಕ್ಮುಂಚೆ ಒಂದು ಕಾಗದ ಹಾಕಪ್ಪ" ಅಂದನಂತೆ. ಇದನ್ನು ಹೇಳಿಕೊಂಡು ನನ್ನ ಗಂಡ ನಕ್ಕಿದ್ದ. ನಾನೂ ನಕ್ಕಿದ್ದೆ. ಪುಸ್ತಕದಲ್ಲಿ ಬರೆದಿದ್ದೇನೆ.

ಮರುವರ್ಷ ಚಿತ್ತಾ ಮಳೆ ಜೋರಾಗಿ ಹಿಡಿಯಿತು. ನೀರು ಮೂರನೇ ಗೆರೆ ದಾಟಿ ಸಿಮೆಂಟಿನ ಗೋಡೆಗೆ ಬಂತು. ಅವನು ಹಾರೆಯಿಂದ ಬೀಗ ಮೀಟಿ ಗೇಟು ಎತ್ತಿದ. ನೀರು ಕೆಳಗಿನ ಕೆರೆಗೆ ಹರಿಯಿತು. ಯಾರ ಒಂದು ಬದುವೂ ಒಡೆಯಲಿಲ್ಲ. ನಾಲ್ಕನೇ ದಿನ ಜೀಪು ಬಂತು. ಸಂರಕ್ಷಿತ ಜಲವನ್ನು ಅನಧಿಕೃತವಾಗಿ ಪೋಲು ಮಾಡಿದ್ದು, ಸರ್ಕಾರಿ ಸ್ವತ್ತಿಗೆ ಹಾನಿ ಮಾಡಿದ್ದು ಎಂದು ಎರಡು ಆಪಾದನೆ. ಒಂದು ಹಗಲೆಲ್ಲ ಠಾಣೆಯ ಜಗಲಿಯಲ್ಲಿ ಕೂರಿಸಿದರು. ಮಾರನೇ ದಿನ ಕಚೇರಿಗೆ ಕರೆಸಿದರು. ನಾನೂ ಹೋಗಿದ್ದೆ. ಅಲ್ಲಿನ ಗುಮಾಸ್ತರು ಕನ್ನಡಕದ ಮೇಲಿಂದ ನೋಡಿ, "ಏನಯ್ಯಾ ಗಂಟಿ, ಕೆರೆ ಏನು ನಿಮ್ಮಪ್ಪಂದಾ?" ಎಂದರು.

"ಇಲ್ಲ ಸಾಮಿ. ನಮ್ಮಪ್ಪಾನೇ ಕೆರೇವನು" ಅಂದ ನನ್ನ ಗಂಡ.

ಪಕ್ಕದ ಮೇಜಿನವರು ನಕ್ಕರು. ಗುಮಾಸ್ತರು ನಗಲಿಲ್ಲ. ಮುಚ್ಚಳಿಕೆಯ ಕಾಗದ ಮುಂದಿಟ್ಟು, ಓದಲು ಬರುವವರು ಯಾರು ಎಂದರು. ನಾನು ಓದಿ ಹೇಳಿದೆ. ಲಿಖಿತ ಅಪ್ಪಣೆಯಿಲ್ಲದೆ ಗೇಟು ಮುಟ್ಟಿದರೆ ಯಾವ ಶಿಕ್ಷೆಗೂ ಬಾಧ್ಯ ಎಂದು ಇತ್ತು. ಅವನು ಕೇಳಿದ, "ಮೂರನೇ ಗೆರೆ ವಿಷಯ ಏನ್ ಬರ್ದವ್ರೆ?" ಏನೂ ಇಲ್ಲ ಅಂದೆ. "ಸರಿಯಾಗಿ ನೋಡಮ್ಮ, ಕೆಳಗೆಲ್ಲಾದ್ರೂ ಇರ್ತದೆ" ಅಂದ. ತಿರುಗಿಸಿ ನೋಡಿದೆ. ಕಾಗದದ ಹಿಂದುಗಡೆ ಖಾಲಿ ಇತ್ತು. ಅವನು ಹೆಬ್ಬೆಟ್ಟು ಒತ್ತಿದ. ಓದಿ ತಿಳಿಸಿದ್ದೇನೆ ಎಂದು ಕೆಳಗೆ ನನ್ನಿಂದ ಸಾಕ್ಷಿ ಸಹಿ ಹಾಕಿಸಿಕೊಂಡರು.

ಈಗ ತೊಂಬತ್ತೊಂದರ ನವೆಂಬರ್‌ಗೆ ಬರುತ್ತೇನೆ. ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯಬೇಕು. ಸಮುದ್ರದ ಕಡೆ ಸೈಕ್ಲೋನು ಎಂದು ರೇಡಿಯೋದಲ್ಲಿ ಹೇಳಿದ್ದರು. ಎರಡು ದಿನ ಸುರಿಯಿತು. ಮೂರನೇ ದಿನ ಬೆಳಿಗ್ಗೆ ಅವನು ಕೆರೆ ನೋಡಿ ಬಂದು, "ಮೂರು ಗೆರೆ ದಾಟಿ ಗೋಡೆಗೆ ಒಂದು ಗೇಣು. ಬರ್ಕೋ" ಅಂದ. ಬರೆದುಕೊಂಡೆ. ಆಮೇಲೆ ನನ್ನಿಂದ ಒಂದು ಅರ್ಜಿ ಬರೆಸಿ ನಲ್ಲಪ್ಪನ ಕೈಗೆ ಕೊಟ್ಟು ಮೊದಲ ಬಸ್ಸಿಗೆ ಹತ್ತಿಸಿದ. ದಯವಿಟ್ಟು ಬೀಗದ ಕೈ ಕೊಡಬೇಕು, ಇಲ್ಲವಾದರೆ ಒಡೆಯಲು ಒಂದು ಚೀಟಿ ಕೊಡಬೇಕು ಎಂದು ಅರ್ಜಿ.

ಕಚೇರಿಯಲ್ಲಿ ನಲ್ಲಪ್ಪನಿಗೆ, ಸಾಹೇಬರು ಜಲ ಸಂರಕ್ಷಣಾ ಸಪ್ತಾಹದ ಸಮಾರಂಭಕ್ಕೆ ಹೋಗಿದ್ದಾರೆ ಎಂದರು. ಅವನು ಬಾಗಿಲಲ್ಲೇ ನಿಂತು, "ಸಾ, ಕೆರೆ ಒಡ್ದೋಯ್ತದೆ" ಅಂದನಂತೆ. "ಒಡೀತದೆ ಅಂತ ನೀನು ಹೇಳಿದ್ರೆ ಆಯ್ತೇನಪ್ಪ? ಇಂಜಿನಿಯರ್ ಬಂದು ನೋಡಿ ಹೇಳ್ಬೇಕು. ಅರ್ಜಿ ಕೊಟ್ಟು ಹೋಗು" ಅಂದರಂತೆ. ಅವನು ಬಿಡದೆ ಒಂದು ಮೊಹರಾದರೂ ಹಾಕಿಕೊಡಿ ಎಂದು ಸ್ವೀಕೃತಿ ಪಡೆದ. ಅದು ನನ್ನ ಹತ್ತಿರ ಇದೆ. ಮೊಹರಿನ ಪಕ್ಕದಲ್ಲಿ ಅವರದೇ ಕೈಬರಹದಲ್ಲಿ ಹನ್ನೊಂದು ಇಪ್ಪತ್ತು ಎಂದು ಹೊತ್ತು ಬರೆದಿದೆ.

ಅದೇ ಹೊತ್ತಿಗೆ ಇಲ್ಲಿ ನನ್ನ ಗಂಡ ಹಾರೆ ತೆಗೆದುಕೊಂಡು ಹೊರಟಿದ್ದ. ನಾನು ಬಾಗಿಲಿಗೆ ಅಡ್ಡ ನಿಂತೆ. "ಮುಚ್ಚಳಿಕೆ ಮರ್ತೋಯ್ತಾ? ಈ ಸಲ ಜೈಲಿಗೇ ಹಾಕ್ತಾರೆ. ನಲ್ಲಪ್ಪ ಚೀಟಿ ತರ್ತಾನೆ, ತಡಿ" ಅಂದೆ.

"ಕೆರೆ ತಡೀತದಾ?" ಅಂದ.

"ಓದಿ ಹೇಳಿದ್ದು ನಾನು, ನನ್ ಸಹೀನೂ ಐತೆ. ನೀನು ಕೈ ಇಟ್ರೆ ನನ್ನೂ ಎಳ್ಕೊಂಡ್ ಹೋಗ್ತಾರೆ" ಅಂದೆ.

ಅವನು ಹಾರೆಯನ್ನು ಗೋಡೆಗೆ ಒರಗಿಸಿ ಕೂತ. ಮಾನ್ಯರೇ, ತಮ್ಮ ವಿಚಾರಣೆಯಲ್ಲಿ ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಈ ಮಾತನ್ನು ಅಂದೇ ಹೇಳುತ್ತಿದ್ದೆ. ತಮ್ಮ ಕಾಗದ ಅವನನ್ನು ತಡೆಯಿತು ಎನ್ನುವುದಕ್ಕಿಂತ, ತಮ್ಮ ಕಾಗದ ಹಿಡಿದು ನಾನು ತಡೆದೆ. ಎರಡು ವರ್ಷದಿಂದ ಇದನ್ನು ಹೇಗೆ ಬರೆದರೂ ಅದೇ ಆಗುತ್ತದೆ.

ಮಧ್ಯಾಹ್ನ ಎರಡರ ಹೊತ್ತಿಗೆ ಏರಿಯ ತಗ್ಗಿನ ಕಡೆ ನೀರು ಮೇಲಿಂದಲೇ ಸುರಿಯತೊಡಗಿತು. ಇನ್ನು ಗೇಟು ಎತ್ತಿದರೂ ಪ್ರಯೋಜನವಿರಲಿಲ್ಲ. ಗದ್ದೆಗೆ ನೀರು ಬಿಡುವ, ನಿಲ್ಲಿಸುವ ಸುದ್ದಿ ಸಾರುವ ತಮಟೆಯನ್ನು ಅವನು ತೆಗೆದುಕೊಂಡ. ಕೆರೆಗೆ ಅಪಾಯವೆಂದರೆ ನೀರುಗಂಟಿ ಏರಿ ಮೇಲೆ ನಿಂತು ತಮಟೆ ಬಡಿಯಬೇಕು, ಕೊನೆಯ ಮನೆಯವರು ಹೊರಡುವವರೆಗೂ ನಿಲ್ಲಿಸಬಾರದು. ಅದು ನಮ್ಮ ಕಡೆಯ ಕಟ್ಟಳೆ. ಅದಕ್ಕೆ ಅಪ್ಪಣೆ ಬೇಕೆಂದು ತಾವು ಮುಚ್ಚಳಿಕೆಯಲ್ಲಿ ಬರೆಯಲು ಮರೆತಿದ್ದಿರಿ. ಹಾಗಾಗಿ ಮೂವತ್ತೇಳು ಮನೆಯ ಜನ ಬದುಕಿದರು. ಎಲ್ಲರೂ ಪಕ್ಕದ ಕಲ್ಲುಗುಡ್ಡ, ನಮ್ಮ ಗುಟ್ಟೆ, ಹತ್ತಿದೆವು; ನಾನು ಪುಸ್ತಕಗಳ ಗಂಟು ಹೊತ್ತೇ ಹತ್ತಿದೆ. ಪೆದ್ದಮ್ಮ ಎನ್ನುವ ಮುದುಕಿ ಮಾತ್ರ ಮನೆ ಬಿಡಲೊಲ್ಲದೆ ಬಾಗಿಲಲ್ಲಿ ನಿಂತು, "ಏಮ್ರಾ ಗಂಗಾ, ನೀರಿಲ್ಲ ಅಂದ್ರೂ ಬಡೀತೀಯ, ನೀರು ಬಂದ್ರೂ ಬಡೀತೀಯ! ಕೋಳಿ ಬಿಟ್ಟು ನಾನ್ ಬರಲ್ಲ, ಪೋರಾ!" ಎಂದು ಕೂಗುತ್ತಿದ್ದಳು. ಅವನು ಏರಿ ಮೇಲಿಂದಲೇ, "ಕೋಳೀನೂ ಎತ್ಕೊಳ್ಳವ್ವಾ, ಜೊತೇಗೆ ನಿನ್ನ ಬಾಯ್ನೂ ಎತ್ಕೊಂಡ್ ಹೋಗು!" ಎಂದ. ಗುಟ್ಟೆ ಮೇಲಿದ್ದವರೆಲ್ಲ ನಕ್ಕರು. ಮುದುಕಿ ಬುಟ್ಟಿ ಹೊತ್ತು ಹೊರಟಳು. ಅವಳು ಗುಟ್ಟೆಯ ಬುಡ ಮುಟ್ಟಿದ ಮೇಲೆ ತಮಟೆ ನಿಂತಿತು. ಅವನೇ ನಿಲ್ಲಿಸಿದನೋ, ಏರಿ ಹೋಯಿತೋ, ನನಗೆ ಇಂದಿಗೂ ಗೊತ್ತಿಲ್ಲ. ನಾನು ಆಗ ಮುದುಕಿಯ ಕೋಳಿ ಬುಟ್ಟಿ ಇಳಿಸಿಕೊಳ್ಳುತ್ತಿದ್ದೆ.

ಮೂರನೇ ದಿನ ಕೆಳಗಿನ ಕೆರೆಯ ಜೊಂಡಿನಲ್ಲಿ ಸಿಕ್ಕಿದ. ಆ ದಿನದ ಪುಟದಲ್ಲಿ ತಾರೀಖು ಮಾತ್ರ ಇದೆ.

ಆಮೇಲೆ ತಮ್ಮ ಕಚೇರಿಯ ವರದಿ ಬಂತು. ಶಾಲೆಯಲ್ಲಿ ಸಭೆ ಸೇರಿಸಿ ಓದಿದರು. ಏರಿ ಒಡೆಯಲು ಅತಿವೃಷ್ಟಿಯೂ, "ನೀರುಗಂಟಿಯು ಸ್ವವಿವೇಚನೆಯಿಂದ ಸಕಾಲದಲ್ಲಿ ಗೇಟು ತೆರೆಯದೆ ನಿರ್ಲಕ್ಷ್ಯ ತೋರಿದ್ದೂ" ಕಾರಣ ಎಂದು ಅದರಲ್ಲಿತ್ತು. ಸ್ವವಿವೇಚನೆ! ಅವನು ಅದನ್ನು ಹೆಬ್ಬೆಟ್ಟು ಒತ್ತಿ ತಮ್ಮ ಮೇಜಿನ ಮೇಲೆ ಬಿಟ್ಟುಬಂದಿದ್ದನಲ್ಲ? ತಮ್ಮ ಬೀರುವಿನಲ್ಲಿ ಇರಬೇಕು, ಹುಡುಕಿಸಿ ನೋಡಿ. ಗೇಟು ಎತ್ತಿದ ವರ್ಷ ಅವನು ಅಪರಾಧಿ. ಎತ್ತದ ವರ್ಷವೂ ಅವನೇ ಅಪರಾಧಿ. ಹಾಗಾದರೆ ನೀರುಗಂಟಿ ಏನು ಮಾಡಬೇಕಿತ್ತು? ಅರ್ಧ ಎತ್ತಬೇಕಿತ್ತೇ?

ನಾನು ಎದ್ದು ನಿಂತು ಸ್ವೀಕೃತಿ ತೋರಿಸಿದೆ. ಕೆರೆ ನೀರು ಹರಿಯುವ ಅಚ್ಚುಕಟ್ಟಿನಲ್ಲಿ ಎಲ್ಲರಿಗಿಂತ ಹೆಚ್ಚು ಗದ್ದೆಯಿರುವ ನರಸಿಂಹಪ್ಪನವರು ಕೆಟ್ಟವರಲ್ಲ. ಮೆಲ್ಲಗೆ ಹೇಳಿದರು: "ಬಿಡಮ್ಮ ಅಶ್ವತ್ಥಮ್ಮ. ಸತ್ತೋನ ಮೇಲೆ ಹಾಕಿದ್ರೆ ಯಾರಿಗೂ ನಷ್ಟ ಇಲ್ಲ. ಇದ್ದೋರ ಮೇಲೆ ಹಾಕಿದ್ರೆ ಏರಿ ಕಟ್ಟೋ ಕೆಲಸ ನಿಂತೋಗ್ತದೆ."

ನಾನು ಕೂತುಬಿಟ್ಟೆ. ದಣಿದಿದ್ದೆ. ಕಟ್ಟಲಿ, ಊರಿಗೆ ಕೆರೆ ಬೇಕು ಎಂದುಕೊಂಡೆ. ಅಂದು ನಾನು ಸುಮ್ಮನಾದದ್ದಕ್ಕೇ ಇಂದು ನಲ್ಲಪ್ಪನಿಗೆ ನೋಟೀಸು ಬಂದಿದೆ.

ಏರಿಯನ್ನು ಕಟ್ಟಿದ್ದೀರಿ. ಗಟ್ಟಿಯಾಗಿಯೇ ಕಟ್ಟಿದ್ದೀರಿ, ಸುಳ್ಳು ಹೇಳಬಾರದು. ಕೋಡಿಯ ಗೋಡೆಯನ್ನೂ ಮೊದಲಿನಷ್ಟೇ ಎತ್ತರಕ್ಕೆ ಕಟ್ಟಿದ್ದೀರಿ. ಮೊದಲು ಎರಡು ಬೀಗವಿತ್ತು, ಈಗ ನಾಲ್ಕಿವೆ. ಅದೇ ತಗ್ಗಿನಲ್ಲಿ ನಾವು ಮತ್ತೆ ಮನೆ ಕಟ್ಟಿಕೊಂಡಿದ್ದೇವೆ, ಬೇರೆ ಜಾಗ ತೋರಿಸಿದವರಿಲ್ಲ. ನಲ್ಲಪ್ಪನಿಗೂ ಓದು ಬರುವುದಿಲ್ಲ. ನೋಟೀಸು ಹಿಡಿದು ನನ್ನ ಹತ್ತಿರ ಬಂದು, "ಏನ್ ಬರ್ದವ್ರೆ ಅತ್ತಿಗೆ?" ಅಂದ. ಓದಿ ಹೇಳಿದೆ. "ಹಾಕ್ದಿದ್ರೆ ಬೇರೆಯೋರನ್ನ ಇಕ್ತಾರೆ. ಅವನಿಗೆ ಗೆರೆ ಗೊತ್ತಿರ್ತದಾ?" ಅಂದ. "ಹಾಕಿದ್ರೆ ನಿಂಗೆ ಗೊತ್ತಿದ್ದೂ ಏನು ಉಪಯೋಗ?" ಅಂದೆ. ಅವನು ನೋಟೀಸನ್ನು ಮಡಿಸಿ ನನ್ನ ಕೈಗೆ ಕೊಟ್ಟ. ಉತ್ತರ ಕೊಡಬೇಕಾದವನು ಅವನಲ್ಲ.

ನಾನು ಪರಿಹಾರ ಕೇಳುತ್ತಿಲ್ಲ. ವರದಿಯ ಆ ಸಾಲನ್ನು ಅಳಿಸಿ ಎಂದು ಕೂಡ ಈ ಹೊತ್ತು ಕೇಳುತ್ತಿಲ್ಲ, ಅದಕ್ಕೆ ಬೇರೆ ಪತ್ರ ಬರೆಯುವೆ, ಜೀವವಿದ್ದರೆ. ಕೇಳುವುದು ಇಷ್ಟೇ. ನೀರು ಮೂರನೇ ಗೆರೆ ಮುಟ್ಟಿದರೆ ಅಕ್ಕಯಮ್ಮನ ಕೆರೆಯ ನೀರುಗಂಟಿ ಯಾರ ಅಪ್ಪಣೆಗೂ ಕಾಯದೆ ಗೇಟು ಎತ್ತತಕ್ಕದ್ದು ಎಂದು ತಾವು ಬರೆದುಕೊಡಿ. ಅವನಿಂದ ಬರೆಸಿಕೊಳ್ಳಬೇಡಿ, ತಾವು ಬರೆದುಕೊಡಿ. ಕೆಳಗೆ ತಮ್ಮ ಸಹಿ ಇರಲಿ, ಮೊಹರಿರಲಿ. ಬೀಗದ ಕೈ ಊರಿಗೆ ಬರಲಿ. ಹಸ್ತ ಮಳೆಗೆ ಇನ್ನು ಹದಿನೆಂಟು ದಿನವಿದೆ. ಅಷ್ಟರೊಳಗೆ ತಮ್ಮ ಕಾಗದ ಬಾರದಿದ್ದರೆ ನಲ್ಲಪ್ಪ ಈ ಮುಚ್ಚಳಿಕೆಗೆ ಸಹಿ ಹಾಕುವುದಿಲ್ಲ, ಗೆರೆ ನೋಡುವುದನ್ನೂ ಬಿಡುವುದಿಲ್ಲ. ಆಮೇಲೆ ಕೇಸು ಹಾಕುವುದಾದರೆ ಮೊದಲನೇ ಆಪಾದಿತೆ ಎಂದು ನನ್ನ ಹೆಸರು ಬರೆಯಿರಿ. ಅವನಿಗೆ ಎತ್ತು ಎಂದು ಹೇಳಿದವಳು ನಾನು. ಇದನ್ನು ನಾನು ಎರಡು ವರ್ಷ ತಡವಾಗಿ ಹೇಳುತ್ತಿದ್ದೇನೆ.

ಇಂತಿ,
ಓದು ಬರುತ್ತದೆಂಬ ಕಾರಣಕ್ಕೆ ಅಂದು ತಮ್ಮ ಮುಚ್ಚಳಿಕೆಗೆ ಸಾಕ್ಷಿಯಾದ
ಅಶ್ವತ್ಥಮ್ಮ
ಕೆರೆ ಹಿಂದಿನ ಕಾಲೋನಿ, ದಿಬ್ಬೂರಹಳ್ಳಿ ಹತ್ತಿರ, ಶಿಡ್ಲಘಟ್ಟ ತಾಲ್ಲೂಕು
೯ ಸೆಪ್ಟೆಂಬರ್ ೧೯೯೩