ನಲ್ಲಿಗೆ ಹೋಗುವ ದಾರಿ

ಶಹಾಪುರ
೧೪ ಫೆಬ್ರವರಿ ೨೦೨೫

ಮಗಳು ಗುರುದೇವಿಗೆ,

ನಿನ್ನವ್ವನ ಆಶೀರ್ವಾದ. ನಿನ್ನೆ ಕೆಟ್ಟ ಕನಸು ಬಿತ್ತು. ನಮ್ಮ ಕಸ ಆರಿಸುವ ಶೆಡ್ಡಿಗೆ ನೀನು ಬಂದಿದ್ದಿ. ಪ್ಲಾಸ್ಟಿಕ್ ಗಂಟುಗಳ ಆಚೆ ನಿಂತು "ಅವ್ವಾ" ಎಂದು ಕೂಗುತ್ತಿದ್ದಿ, ನನಗೆ ದಾರಿಯೇ ಸಿಗಲಿಲ್ಲ. ಎದ್ದು ಕೂತವಳಿಗೆ ಮತ್ತೆ ನಿದ್ದೆ ಹತ್ತಲಿಲ್ಲ. ನಿನಗೆ ಹೊಟ್ಟೆನೋವು ಏನೂ ಇಲ್ಲವಲ್ಲ? ಕಾಲು ಬಾತಿಲ್ಲವಲ್ಲ?

ನಿನ್ನ ಬಸಿರಿನ ಕುಬಸ ಮುಗಿದ ಕೂಡಲೇ ಬಾಣಂತನಕ್ಕೆ ಕರೆತರುತ್ತೇನೆ ಎಂದವಳು ಇನ್ನೂ ಬಂದಿಲ್ಲ. ಫೋನಿನಲ್ಲಿ ನೀನು "ನಾ ನಿನಗ ಬ್ಯಾಡಾಗೀನೇನವ್ವಾ?" ಎಂದದ್ದು ಎದೆಯಲ್ಲೇ ಕೂತಿದೆ. ಫೋನು ಮಾಡಿದರೆ ನಿಮ್ಮತ್ತೆ ಪಕ್ಕದಲ್ಲೇ ಇರುತ್ತಾರೆ, ಅದಕ್ಕೇ ಬರೆಯುತ್ತಿದ್ದೇನೆ. ಐದನೆಯ ತರಗತಿಗೆ ಶಾಲೆ ಬಿಟ್ಟವಳು, ತಪ್ಪಿದ್ದರೆ ತಿದ್ದಿ ಓದಿಕೊ. ಪತ್ರ ತರುವ ಸಾಬೇರಾ ನನ್ನ ಪಕ್ಕದಲ್ಲೇ ಕೂತು ಕಸ ಆರಿಸುವವಳು. ನಿಮ್ಮೂರ ಹತ್ತಿರ ರಂಗಂಪೇಟೆಯಲ್ಲಿ ಅವಳ ತಂಗಿಯ ಮನೆ ಇದೆ.

ನಮ್ಮ ಶೆಡ್ಡನ್ನು ನೀನು ನೋಡಿಲ್ಲ. ಮುಂದಿನ ಬಾಗಿಲಲ್ಲಿ ಗಾಡಿ ಕಸ ಸುರಿಯುತ್ತದೆ. ನಡುವೆ ನಾವು ಆರಿಸುವ ಕಟ್ಟೆ, ಹಿಂದೆ ಗಂಟು ಒತ್ತುವ ಯಂತ್ರ, ಅದರಾಚೆ ಕೈ ತೊಳೆಯುವ ನಲ್ಲಿ. ಲಾರಿ ತಡವಾದರೆ ಗಂಟುಗಳನ್ನು ನಲ್ಲಿಯ ದಾರಿಯಲ್ಲೇ ಒಟ್ಟುತ್ತಾರೆ. ಹೊರಗಿನಿಂದ ಸುತ್ತಿ ಹೋದರೆ ನಾಯಿಗಳ ಕಾಟ. ಸೆರಗಿಗೆ ಕೈ ಒರೆಸಿಕೊಂಡೇ ರೊಟ್ಟಿ ಬಿಚ್ಚುತ್ತೇವೆ.

ಮೊನ್ನೆ ಕೆಲಸ ಬಿಟ್ಟು ಎದ್ದು ನಿಂತೆ.

"ದಾರಿ ಬಿಡಸ್ರಿ, ಕೈ ತೊಳಕೊಬೇಕು."

ಸೂಪರ್‌ವೈಸರ್ ಸಂಗಮನಾಥ ನಕ್ಕ. "ಗೊಲ್ಲಾಳಮ್ಮ, ನಿನಗ ದಿನಾ ಒಂದು ಚಿಂತಿ. ಚಿಂತೀನೂ ಗಂಟು ಕಟ್ಟಿಡು, ಲಾರಿಗಿ ಹಾಕೋಣು."

ಸಾಬೇರಾ ಬಿಡಲಿಲ್ಲ. "ನಗ್ತೀರೇನ್ರಿ? ಇದೇ ಕೈಲೆ ರೊಟ್ಟಿ ಮುರದು ಕೊಡ್ತೀನಿ, ತಿನ್ರಿ ನೋಡೋಣು!"

ಅವನು ನಮ್ಮ ಕೈಗಳನ್ನು ನೋಡಿದ. ಸಂಜೆಯೊಳಗೆ ಒಬ್ಬರು ನುಸುಳುವಷ್ಟು ಸಂದಿ ಮಾಡಿಸಿದ. ಕೆಟ್ಟವನಲ್ಲ ಪಾಪ, ಅವನಿಗೂ ಮೇಲಿನವರ ಕಾಟ.

ಅಂಟಿನುಂಡಿಗೆಂದು ಕೊಬ್ಬರಿ, ಉತ್ತತ್ತಿ, ಅಂಟು ಸಾಬೇರಾಳ ಕೈಯಲ್ಲಿ ಕಳಿಸಿದ್ದೇನೆ. ರಜೆ ಸಿಗುವಂತಿಲ್ಲ. ಬಾಣಂತನ ಅಲ್ಲೇ ಆಗಲಿ ಎಂದು ನಿಮ್ಮತ್ತೆಯನ್ನು ಕೇಳಲೇ? ಸಿಟ್ಟಾಗಬೇಡ. ಹೊತ್ತಿಗೆ ಸರಿಯಾಗಿ ಉಣ್ಣು, ಭಾರ ಎತ್ತಬೇಡ. ತಾಯಿ ಕೂಸು ಎರಡು ಜೀವ ಸುಖವಾಗಿ ಬೇರೆಯಾಗಲಿ.

ನಿನ್ನವ್ವ,
ಗೊಲ್ಲಾಳಮ್ಮ

ತಾ.ಕ.: ರಜೆಯ ಮಾತು ಸುಳ್ಳು. ಗ್ಲೌಸು ಹಾಕಿದರೆ ಪ್ಲಾಸ್ಟಿಕ್ಕಿನ ಜಾತಿ ಬೆರಳಿಗೆ ತಿಳಿಯುವುದಿಲ್ಲವೆಂದು ನಾವೆಲ್ಲ ಬಲಗೈಯದನ್ನು ತೆಗೆದೇ ಕೂರುತ್ತೇವೆ. ನಿನ್ನ ಕುಬಸದ ಮರುದಿನ, ಯಾರೋ ಪೇಪರಿನಲ್ಲಿ ಸುತ್ತಿ ಎಸೆದ ಇಂಜೆಕ್ಷನ್ ಸೂಜಿ ನನ್ನ ಬೆರಳಿಗೆ ಚುಚ್ಚಿತು. ರಕ್ತ ಬಂತು. ನಲ್ಲಿಗೆ ದಾರಿ ಇರಲಿಲ್ಲ, ಸೆರಗಿನಲ್ಲಿ ಒತ್ತಿ ಹಿಡಿದೆ. ಸೂಜಿಯಿಂದ ರೋಗ ಅಂಟದಿರಲೆಂದು ದವಾಖಾನೆಯಲ್ಲಿ ಗುಳಿಗೆ ಕೊಟ್ಟಿದ್ದಾರೆ. ಮೊದಲ ಪರೀಕ್ಷೆಯಲ್ಲಿ ಏನೂ ಇಲ್ಲ, ಮತ್ತೊಮ್ಮೆ ರಕ್ತ ನೋಡಬೇಕಂತೆ. "ಕೂಸಿನ್ನ ಎತ್ಕೊಂಡ್ರ ಏನೂ ಆಗಂಗಿಲ್ಲಬೇ, ಹೋಗು" ಎಂದಳು ನರ್ಸು. ಅಲ್ಲಿ ನಂಬಿದೆ, ಮನೆಗೆ ಬಂದರೆ ಮತ್ತೆ ಅನುಮಾನ. ನಿನ್ನನ್ನು ಕರೆತರಲು ಧೈರ್ಯ ಸಾಲದೆ ಹೋಯಿತು, ಬೇಡವಾಗಿ ಅಲ್ಲ ಮಗಳೇ. ಇದನ್ನು ಓದಿ ಒಲೆಗೆ ಹಾಕು. ಸುರಪುರಕ್ಕೆ ತಪಾಸಣೆಗೆ ಹೋದಾಗ, ಅತ್ತೆಗೆ ಕೇಳಿಸದಂತೆ ಡಾಕ್ಟರಮ್ಮನನ್ನೂ ಒಮ್ಮೆ ಕೇಳಿ ನೋಡು: ಹಸಿಗೂಸಿಗೆ ನಾನು ಎಣ್ಣೆ ಹಚ್ಚಿ ಎರೆಯಬಹುದೇ?