ಎಡಗಡೆಯ ಕೊಕ್ಕೆ

ಜೂನ್ 3, ಸೋಮವಾರ

ಮತ್ತೆ ಅದೇ ಎಡಗಡೆ ಕೊಕ್ಕೆ. ವಾಚ್ ರಿಪೇರಿಯ ವಾಚಣ್ಣ ಎಂದಿನಂತೆ ವೀಲ್‌ಚೇರ್ ತಳ್ಳಿಕೊಂಡು ತಾವೇ ಹತ್ತಿದರು. ಬಾಗಿಲು ಮುಚ್ಚಿತು. ನೆಲದಿಂದ ಕೊಕ್ಕೆಗಳೆದ್ದು ಚಕ್ರ ಹಿಡಿದವು. ಬಲಗಡೆಯದು ಸರಿ, ಎಡಗಡೆಯದು ಅರ್ಧ. ಹಳೇ ಕುರ್ಚಿ, ಎಡಚಕ್ರ ಸ್ವಲ್ಪ ಸೊಟ್ಟ. ಪರದೆಯಲ್ಲಿ ಮಾತ್ರ ಎರಡೂ ಕೂತಿವೆ ಅಂತ ಹಸಿರು ದೀಪ! ಡ್ರೈವರಿಲ್ಲದ ವ್ಯಾನಿಗೆ ಅಷ್ಟು ಸಾಕು, ಹೊರಟೇಬಿಡುತ್ತದೆ. ಹಿಂದಿನ ಸೀಟಿನಿಂದ ಕಾಲು ಚಾಚಿ ಒತ್ತಿದೆ. ಟಕ್ ಅಂತ ಕೂತಿತು.

ಕಂಪನಿಯ ಈ ಹೊಸ ವ್ಯಾನಿನ ಟ್ರಯಲ್ ಮುಗಿಯುವವರೆಗೆ ಒಳಗೆ ಕೂತು ನೋಡಬೇಕು, ಯಾವುದಕ್ಕೂ ಕೈ ತಾಗಿಸಬಾರದು, ತಪ್ಪಾದರೆ ಬರೆದುಕೊಳ್ಳಬೇಕು — ನನ್ನ ಕೆಲಸ ಅಷ್ಟೇ. ಕೈ ತಾಗಿಸಲಿಲ್ಲವಲ್ಲ. ಕಾಲಿನ ಬಗ್ಗೆ ಯಾರೂ ಏನೂ ಹೇಳಿಲ್ಲ.

ಬರೆದುಕೊಳ್ಳಲೂ ಇಲ್ಲ.

ಜೂನ್ 6

ಬರೆದರೆ ವ್ಯಾನನ್ನು ಶೆಡ್ಡಿಗೆ ಹಾಕುತ್ತಾರೆ, ತಿಂಗಳುಗಟ್ಟಲೆ. ವಾಚಣ್ಣ ಮತ್ತೆ ಮನೆಯಲ್ಲೇ. ಇಷ್ಟು ವರ್ಷ ಅವರ ತಮ್ಮ ಎತ್ತಿ ಕಾರಿಗೆ ಕೂರಿಸಿದ ದಿನ ಅಂಗಡಿ, ಇಲ್ಲದ ದಿನ ಇಲ್ಲ. ಇವತ್ತು ಅಂದರು:

"ನೋಡಮ್ಮ, ಮನೆ ಬಾಗಿಲಿಂದ ಅಂಗಡಿ ಬಾಗಿಲವರೆಗೆ ಒಂದು ನರಪಿಳ್ಳೆ ನನ್ನ ಮುಟ್ಟಿಲ್ಲ. ತಮ್ಮನ ಮೋರೆ ನೋಡ್ಕೊಂಡು ಕಾಯೋ ಕಾಲ ಹೋಯ್ತು!"

ಎಷ್ಟು ಖುಷಿ ಆ ಮುಖದಲ್ಲಿ. ನಾನೂ ನಕ್ಕೆ. ಕಾಲನ್ನು ಮೆಲ್ಲಗೆ ಸೀಟಿನ ಕೆಳಗೆ ಎಳೆದುಕೊಂಡೆ.

ಜೂನ್ 21

ರಿಪೋರ್ಟ್ ಬಂತು. ನಮ್ಮ ವ್ಯಾನಿನ ಮೇಲೆ ಒಂದೂ ದೂರಿಲ್ಲ. ಇಂಜಿನಿಯರ್‌ಗೆ ಹಿಗ್ಗೋ ಹಿಗ್ಗು. "ಇನ್ಮೇಲೆ ಒಳಗೆ ಯಾರೂ ಕೂರೋದು ಬೇಡ. ಸೋಮವಾರದಿಂದ ನೀವು ಆಫೀಸಿಗೇ ಬನ್ನಿ."

ಆಗಲೇ ಹೇಳಬೇಕಿತ್ತು. ಬಾಯಿಗೆ ಬಂದದ್ದು "ಥ್ಯಾಂಕ್ಸ್ ಸರ್". ಈ ನಾಲಿಗೆಗೆ ಏನಾಗಿತ್ತೋ! ಅರ್ಧ ಕೊಕ್ಕೆ ತಾನೇ, ವ್ಯಾನೂ ನಿಧಾನ... ಅಂತ ನನಗೆ ನಾನೇ ಸಮಾಧಾನ.

ಜೂನ್ 24

ಇಡೀ ದಿನ ಫೋನಿನ ಮೇಲೇ ಕಣ್ಣು. ಏನೂ ಬರಲಿಲ್ಲ. ಸದ್ಯ.

ಜೂನ್ 27

ವಾಚಣ್ಣನ ಹೆಂಡತಿಯ ಫೋನ್. ನಾಯಿ ಅಡ್ಡ ಬಂತಂತೆ, ವ್ಯಾನ್ ಗಕ್ಕನೆ ನಿಂತಿತಂತೆ, ಕುರ್ಚಿ ಬಲಕ್ಕೆ ಮಗುಚಿತಂತೆ. ಮಣಿಕಟ್ಟು ಮುರಿದಿದೆ.

ಬಲಗೈ. ಕೂದಲೆಳೆಯಂಥ ಸ್ಪ್ರಿಂಗ್ ಎತ್ತಿ ಕೂರಿಸುವ ಕೈ. ಮುರಿದದ್ದು ನಾನೇ.

ಜೂನ್ 30

ಹೋಗಿ ಬಂದೆ. ಎಲ್ಲ ಹೇಳಿಬಿಡಬೇಕೆಂದೇ ಹೋದದ್ದು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ.

ಪ್ಲಾಸ್ಟರ್ ಹಾಕಿದ ಕೈಯನ್ನು ದಿಂಬಿನ ಮೇಲಿಟ್ಟು ಕೂತಿದ್ದರು. ಪಕ್ಕದಲ್ಲಿ ತಮ್ಮ, ತುತ್ತು ತಿನ್ನಿಸುತ್ತಿದ್ದ.

"ಕಂಪನಿಯವರು ಬಂದಿದ್ರಮ್ಮ. ಕೊಕ್ಕೆ ಹಾಕಿತ್ತು, ವ್ಯಾನಿಂದೇನೂ ತಪ್ಪಿಲ್ಲ ಅಂದ್ರು. ನೀನಿದ್ದಾಗ ಒಂದು ದಿನಾನೂ ಹೀಗಾಗಿರಲಿಲ್ಲ. ನಾನೇ ಕುರ್ಚಿ ಸರಿಯಾಗಿ ನಿಲ್ಲಿಸ್ಲಿಲ್ಲ ಅನ್ಸುತ್ತೆ. ಅಲ್ವಾ?"

ತಮ್ಮನೂ ನನ್ನ ಮುಖವನ್ನೇ ನೋಡುತ್ತಿದ್ದ.

"ಇರಬಹುದು, ಅಣ್ಣ" ಅಂದೆ.

"ಹಾಗಾದ್ರೆ ಇನ್ನು ಒಬ್ನೇ ಹೋಗಲ್ಲ ಬಿಡು" ಅಂದರು. ತಮ್ಮನ ಕಡೆ ತಿರುಗಿ ಬಾಯಿ ತೆರೆದರು. ನಾನು ಅಲ್ಲೇ ಕೂತು, ಕಾಲನ್ನು ಮೆಲ್ಲಗೆ ನನ್ನ ಕುರ್ಚಿಯ ಕೆಳಗೆ ಎಳೆದುಕೊಂಡೆ.